ಹಾಲಿನಲ್ಲಿ ನೆನೆದ ರೊಟ್ಟಿ

ತಾಂಬಾದ ನಿಂಬೆ ವ್ಯಾಪಾರಿ ನಬಿಲಾಲನ ಎರಡು ಗತ್ತುಗಳು ಇಂಡಿ ಪಟ್ಟಣದ ಸಂತೆಗೆಲ್ಲ ಗೊತ್ತಿದ್ದವು. ಕುದಿಯುವ ಚಹಾವನ್ನು ಊದದೆ, ಕಪ್ಪಿನ ಕೆಳಗಿನ ಬಸಿಗೂ ಸುರುವದೆ ಗಟಗಟ ಇಳಿಸುವುದು ಒಂದು. ಮಗಳು ಮುಬೀನಾ ಅನ್ನನಾಳ, ಕರುಳಿನ ಗಾಯಗಳ ಮೇಲೆ ಸಂಶೋಧನೆ ಮಾಡುತ್ತಾಳೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳುವುದು ಇನ್ನೊಂದು. ಎರಡನೆಯದನ್ನು ಕೇಳಿ ಕೇಳಿ ಜನಕ್ಕೆ ಸಾಕಾಗಿತ್ತು.

ಹಬ್ಬಕ್ಕೆ ಊರಿಗೆ ಬಂದ ಮುಬೀನಾ ಅಪ್ಪನ ಪಕ್ಕ ಊಟಕ್ಕೆ ಕುಳಿತಾಗ ಅವನ ತಾಟು ನೋಡಿದಳು. ಖಡಕ್ ರೊಟ್ಟಿಯನ್ನು ಹಪ್ಪಳದಂತೆ ಮುರಿದು ತಿನ್ನುತ್ತಿದ್ದ ಮನುಷ್ಯ ಈಗ ಅದನ್ನು ಹಾಲಿನಲ್ಲಿ ನೆನೆಸಿ ಕಲಸಿಕೊಂಡಿದ್ದ.

“ವಯಸ್ಸಾತಲ್ಲ, ಹಲ್ಲಿಗೆ ಆಗವಲ್ದು,” ಎಂದು ತಾಯಿ ಸುಲ್ತಾನಬಿ ನಕ್ಕಳು.

ಮುಬೀನಾಗೆ ನಗು ಬರಲಿಲ್ಲ. ಮುಂಜಾನೆಯಷ್ಟೇ ಅಪ್ಪ ಹಿತ್ತಲಲ್ಲಿ ನಿಂತು ಕಬ್ಬನ್ನು ಹಲ್ಲಿನಿಂದಲೇ ಸಿಗಿದದ್ದನ್ನು ಕಣ್ಣಾರೆ ಕಂಡಿದ್ದಳು. ಅಗಿಯಲು ಬರುತ್ತದೆ, ನುಂಗಲು ಬರುವುದಿಲ್ಲ.

“ಅಬ್ಬಾ, ರೊಟ್ಟಿ ಎಲ್ಲಿ ಸಿಕ್ಕೊಳ್ತೈತಿ?”

ನಬಿಲಾಲ ಎದೆಯ ನಡುವೆ ಬೆರಳಿಟ್ಟ. “ಇಲ್ಲಿ. ಒಂದೆರಡು ತಿಂಗಳಾತು.”

“ಒಂದು ಮಾತರ ಹೇಳಬೇಕಿತ್ತಲ್ಲ!”

“ಹೇಳೂದೇನೈತಿ? ನೀನ ಫೋನಿನ್ಯಾಗ ಹೇಳಿದ್ದಿ, ಒಳಗಿನ ಪದರ ಸುಟ್ಟರೂ ತಾನ ಮಾಯ್ತೈತಿ ಅಂತ. ಅದಕ್ಕ ಕಾಯಾಕತ್ತೇನಿ.”

ಅವಳ ಕೈಯ ತುತ್ತು ಅಲ್ಲೇ ನಿಂತಿತು. ಹೇಳಿದ್ದು ಸುಳ್ಳಲ್ಲ. ಇಲಿಗಳ ಮೇಲಿನ ಮೊದಲ ಪ್ರಯೋಗ ಕೈಗೂಡಿದ ದಿನ ಹಿಗ್ಗಿನಲ್ಲಿ ಹೇಳಿದ್ದಳು. ಉಳಿದರ್ಧ ಹೇಳಿರಲಿಲ್ಲ: ಮಾಯ್ದ ಜಾಗವನ್ನೇ ದಿನಾ ಸುಡುತ್ತಿದ್ದರೆ, ರಿಪೇರಿಗೆಂದು ಹುಟ್ಟುವ ಜೀವಕೋಶಗಳೇ ಒಂದು ದಿನ ಹದ್ದು ಮೀರಿ ಬೆಳೆಯಬಹುದು. ಖುಷಿಯ ಮಾತಿನ ನಡುವೆ ಕ್ಯಾನ್ಸರಿನ ಹೆಸರೇಕೆ ಎಂದು ಬಿಟ್ಟಿದ್ದಳು. ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಈಗ ಅದನ್ನೂ ಹೇಳಿದಳು, ಹೆಸರು ಸಮೇತ. ಚಹಾ ತಂದಿಟ್ಟ ಸುಲ್ತಾನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನಾಳೆ ವಿಜಯಪುರದ ದವಾಖಾನಿಗೆ ಹೋಗೂಣು,” ಎಂದಳು ಮುಬೀನಾ. “ ಗಂಟಲದಾಗ ನಳಿಗಿ ಇಳಿಸಿ ನೋಡ್ತಾರ.”

ನಬಿಲಾಲ ತಾಟನ್ನು ಪಕ್ಕಕ್ಕೆ ಸರಿಸಿದ. “ಬರ್ತೇನಿ. ನಂದೂ ಮಾಯ್ತೈತಿ, ಹೌದಿಲ್ಲ ಬೇಟಾ?”

ಹೌದು ಎಂದಿದ್ದರೆ ಅವನು ನೆಮ್ಮದಿಯಿಂದ ಮಲಗುತ್ತಿದ್ದ. ನಾಲಿಗೆ ತುದಿಗೆ ಬಂದದ್ದನ್ನು ಮುಬೀನಾ ತಡೆದುಕೊಂಡಳು.

“ನೋಡಿದ ಮ್ಯಾಲ ಹೇಳ್ತೇನಿ, ಅಬ್ಬಾ.”

ನಬಿಲಾಲ ತಲೆಯಾಡಿಸಿದ. ಕಪ್ಪನ್ನು ಎತ್ತಿಕೊಂಡು, ಹುಟ್ಟಿದಾಗಿನಿಂದ ಮಾಡದ್ದನ್ನು ಮಾಡಿದ. ಚಹಾವನ್ನು ಊದಿದ. ಆರಿದ ಮೇಲೂ ಊದುತ್ತಲೇ ಇದ್ದ.