ಕಾಲಿನಿಂದ ತೆಗೆದ ಪ್ಲೇಟು

ಕಾಲಿನ ಪ್ಲೇಟನ್ನೂ ಸ್ಕ್ರೂಗಳನ್ನೂ ತೆಗೆಯುವ ದಿನ ಅಮ್ಮ ನನ್ನ ಪಕ್ಕದಲ್ಲಿರಬೇಕು ಎಂಬುದನ್ನು ಬಿಟ್ಟು ನಾನು ಬೇರೇನನ್ನೂ ಕೇಳಿರಲಿಲ್ಲ. ಬಂದವರು ಅಪ್ಪ. ಅಮ್ಮ ಕುಣಿಗಲ್ಲಿನ ಮನೆಯಲ್ಲಿ ನನ್ನ ತಂಗಿ ಕೃತಿಕಾಳ ಬಾಣಂತನ ಮಾಡುತ್ತಿದ್ದಳು.

ಕಾಲು ಮುರಿದದ್ದು ಕೃತಿಕಾಳ ಮದುವೆಯಲ್ಲಿ. ಗುಬ್ಬಿಯ ಕಲ್ಯಾಣ ಮಂಟಪದಲ್ಲಿ ಧಾರೆ ಮುಗಿದು ಫೋಟೋಗಳ ಗದ್ದಲ ನಡೆದಿದ್ದಾಗ ನಾನು ವೇದಿಕೆಯ ಮೆಟ್ಟಿಲಿನಿಂದ ಜಾರಿಬಿದ್ದೆ. ಬಲ ಪಾದದ ಹೊರಗಿನ ಗಿಣ್ಣಿನ ಮೂಳೆ ಎರಡಾಗಿತ್ತು. ಆಂಬುಲೆನ್ಸಿನಲ್ಲಿ ತುಮಕೂರಿನವರೆಗೂ ಅಮ್ಮ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ನಾನು ಕಾಲೂರಿ ನಡೆಯುವವರೆಗೆ ತುಮಕೂರಿನ ಮರಳೂರು ಬಡಾವಣೆಯ ನನ್ನ ಬಾಡಿಗೆ ಮನೆಯಲ್ಲೇ ಉಳಿದಳು. ಕೃತಿಕಾ ಹುಟ್ಟಿದಾಗಿನಿಂದ ಇಬ್ಬರಿಗೆ ಹಂಚಿಹೋಗಿದ್ದವಳು ಆಗ ಪೂರ್ತಿಯಾಗಿ ನನ್ನವಳಾಗಿದ್ದಳು. ನೀರಿನ ಪರೀಕ್ಷಾಲಯದ ಕೆಲಸಕ್ಕೆ ನಾನು ಮರಳಿದ ದಿನ ಅವಳು ಕುಣಿಗಲ್ ಬಸ್ಸು ಹತ್ತಿದಳು. ಕಾಲು ಸರಿಹೋಯಿತೆಂಬ ಸಂತೋಷ ನನಗೆ ಆಗಲೇ ಇಲ್ಲ.

ಮೂಳೆ ಚೆನ್ನಾಗಿ ಕೂಡಿತು. ಆದರೆ ಗಿಣ್ಣಿನ ಮೇಲೆ ಚರ್ಮ ತೆಳು. ಚಪ್ಪಲಿಯ ಪಟ್ಟಿ ತಗುಲಿದರೆ ಒಳಗಿನ ಸ್ಕ್ರೂ ಒತ್ತುತ್ತಿತ್ತು. ತೆಗೆದುಬಿಡೋಣ, ಅವಸರವೇನಿಲ್ಲ ಎಂದರು ವೈದ್ಯರು. ಆಪರೇಷನ್ನಿಗೆ ಗೊತ್ತಾದ ತಿಂಗಳಿಗೇ ಕೃತಿಕಾಳ ಹೆರಿಗೆಯೂ ಬಂತು. ನಾನು ದಿನಾಂಕವನ್ನು ಮುಂದೂಡಬಹುದಿತ್ತು. ಅಮ್ಮ ಯಾರನ್ನು ಆರಿಸಿಕೊಳ್ಳುತ್ತಾಳೆಂದು ನೋಡಬೇಕಿದ್ದುದರಿಂದ ಮುಂದೂಡಲಿಲ್ಲ.

"ಹಸಿ ಬಾಣಂತೀನ ಬಿಟ್ಟು ಎಂಗ್ ಬರ್ಲೇ? ನಿಮ್ಮಪ್ಪ ಬತ್ತಾರೆ," ಎಂದಳು ಅಮ್ಮ. ಉತ್ತರ ಸಿಕ್ಕಿತ್ತು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರಿಂದ ನಾನು ಎಚ್ಚರವಾಗಿಯೇ ಇದ್ದೆ. ಹಸಿರು ಪರದೆಯ ಆಚೆ ಒಂದೊಂದೇ ಸ್ಕ್ರೂ ಸ್ಟೀಲ್ ತಟ್ಟೆಗೆ ಬೀಳುವ ಸದ್ದು ಕೇಳುತ್ತಿತ್ತು. ಪ್ಲೇಟನ್ನೂ ಅವುಗಳನ್ನೂ ತೊಳೆದು ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟರು. ಸಂಜೆ ಅಮ್ಮನ ಫೋನು ಬಂತು. ನೋವು ಹೇಗಿದೆಯೆಂದು ಕೇಳಿದವಳು ಉತ್ತರ ಮುಗಿಯುವ ಮೊದಲೇ ಆ ಪ್ಲೇಟನ್ನು ಎಸೆಯಬೇಡವೆಂದಳು. ಕೂಸಿನ ದಿಂಬಿನ ಕೆಳಗೆ ಕಬ್ಬಿಣವಿರಬೇಕು, ಇಟ್ಟಿದ್ದ ಅಡಕತ್ತರಿ ತುಕ್ಕು ಹಿಡಿದಿದೆ, ಇದನ್ನು ಇಡೋಣವೆಂಬುದು ಅವಳ ಯೋಚನೆ.

ಅದು ಕಬ್ಬಿಣವಲ್ಲ, ಟೈಟೇನಿಯಂ, ಅಯಸ್ಕಾಂತಕ್ಕೂ ಅಂಟುವುದಿಲ್ಲ ಎಂದು ನಾನು ವಿವರಿಸಿದೆ.

"ಮೂಳೆ ಹಿಡ್ಕಂಡಿತ್ತಲ್ಲ, ಸಾಕು ಬುಡು."

ನನ್ನ ಕಾಲಿನಿಂದ ಹೊರಬಂದದ್ದೂ ಈಗ ಕೃತಿಕಾಳ ಮಗುವಿಗೆ ಸೇರಬೇಕಿತ್ತು. ಆ ಕ್ಷಣವೇ ನಿಶ್ಚಯಿಸಿದೆ: ಪ್ಲೇಟು ಕೊಡುವ ನೆಪದಲ್ಲಿ ಕುಣಿಗಲ್ಲಿಗೆ ಹೋಗುವುದು, ಹೊಲಿಗೆ ಬಿಚ್ಚುವವರೆಗೆ ಅಮ್ಮನನ್ನು ಮರಳೂರಿಗೆ ಕರೆತರುವುದು.

ಸ್ಕ್ರೂ ಇದ್ದ ರಂಧ್ರಗಳು ತುಂಬಿಕೊಳ್ಳುವವರೆಗೆ ಮೂಳೆಗೆ ಪೂರ್ಣ ಬಲವಿಲ್ಲ, ವಾಕರ್ ಹಿಡಿದೇ ನಡೆಯಬೇಕೆಂದು ಆಸ್ಪತ್ರೆಯಲ್ಲಿ ಎಚ್ಚರಿಸಿದ್ದರು. ಅಪ್ಪ ಕಾರು ಗೊತ್ತುಮಾಡಿ ಕರೆದೊಯ್ದರು. ಮನೆಯೊಳಗೆ ಸಾಂಬ್ರಾಣಿಯ ಹೊಗೆಯೂ ಬೆಳ್ಳುಳ್ಳಿಯ ವಾಸನೆಯೂ ತುಂಬಿದ್ದವು. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡು ಕೃತಿಕಾ ಮಂಚದ ಮೇಲೆ ಕುಳಿತಿದ್ದಳು. ಅಮ್ಮ ನನ್ನ ಬ್ಯಾಂಡೇಜನ್ನು ಮೃದುವಾಗಿ ಮುಟ್ಟಿ ನೋಡಿ, ಡಬ್ಬಿ ತೆಗೆದುಕೊಂಡು, ನೇರವಾಗಿ ಕೂಸಿನ ದಿಂಬಿನತ್ತ ನಡೆದಳು.

"ಅದನ್ನ ಅಲ್ಲಿಡ್ಬೇಡ," ಎಂದಳು ಕೃತಿಕಾ.

"ಯಾಕ್ಲೇ? ತೊಳ್ದವ್ರೆ."

"ತೊಳ್ದಿದ್ರೆ ಏನಂತೆ? ನನ್ನ ಮಗೂ ತಲೆ ಕೆಳಗೂ ಅಕ್ಕಂದೇ ಇರ್ಬೇಕಾ? ನಂಗೆ ನೀರು ಹಾಕ್ವಾಗ ಅವಳ ಕಾಲಿನ ಮಾತು, ಊಟಕ್ಕಿಡ್ವಾಗ ಅವಳ ಕಾಲಿನ ಮಾತು." ಅವಳ ದನಿ ಏರಲಿಲ್ಲ. "ಮದ್ವೇಲಿ ನನ್ನ ಹೆಣ್ಣೊಪ್ಪಿಸಿದ್ದು ಯಾರಮ್ಮ? ಚಿಕ್ಕಮ್ಮ. ನೀನು ಅವಳ ಜೊತೆ ಆಂಬುಲೆನ್ಸಲ್ಲಿದ್ದೆ."

ಹೆಣ್ಣೊಪ್ಪಿಸುವ ಶಾಸ್ತ್ರದಲ್ಲಿ ತಾಯಿಯೇ ಮಗಳ ಕೈಯನ್ನು ಅತ್ತೆಯ ಕೈಗಿಡಬೇಕು. ಅಂದು ಕೃತಿಕಾಳ ಕೈ ಹಿಡಿದವರು ಯಾರೆಂದು ನಾನು ಇದುವರೆಗೂ ಕೇಳಿರಲಿಲ್ಲ. ಅವಳ ಕಣ್ಣು ತುಂಬಿತ್ತು. ನನಗೆ ಪಶ್ಚಾತ್ತಾಪವಾಗಬೇಕಿತ್ತು, ಆಯಿತು ಕೂಡ, ಆದರೆ ಅನಂತರ. ಮೊದಲು ಆದದ್ದು ಹಿಗ್ಗು. ನೀರು ಹಾಕುವಾಗಲೂ ಊಟಕ್ಕಿಡುವಾಗಲೂ ಅಮ್ಮ ನನ್ನ ಮಾತನ್ನೇ ಆಡಿದ್ದಳು. ಮುಖ ಕಾಣದಿರಲೆಂದು ನಾನು ಬಗ್ಗಿ ಬ್ಯಾಂಡೇಜನ್ನು ಸರಿಪಡಿಸಿಕೊಂಡೆ.

ಅಮ್ಮ ಡಬ್ಬಿಯನ್ನು ಕಿಟಕಿಯಲ್ಲಿಟ್ಟಳು. "ಅಡಕತ್ತರಿ ಅಲ್ಲೇ ಅದೆ," ಎಂದಳು. "ನನ್ನ ಸೀಳಿ ಒಂದೊಂದು ಹೋಳು ತಗಳ್ರಿ. ಸಾರು ಉಕ್ತಾ ಅದೆ, ಅದನ್ನ ಇಳಿಸ್ಬುಟ್ಟು ಬತ್ತೀನಿ."

ಅವಳು ಅಡುಗೆಮನೆಗೆ ಹೋದ ಮೇಲೆ ಮಗು ಒಮ್ಮೆ ಸೀನಿತು. ಕೃತಿಕಾ ಮೂಗೊರೆಸಿಕೊಂಡು, ಅಮ್ಮನನ್ನು ಕರೆದೊಯ್ಯಲು ಬಂದೆಯಾ ಎಂದು ಕೇಳಿದಳು. ಹೌದೆಂದರೆ ಅಮ್ಮನನ್ನು ಮತ್ತೆ ಅವಳಿಂದ ಕಸಿದಂತಾಗುತ್ತಿತ್ತು. ಇಲ್ಲವೆಂದರೆ ಅವಳು ನಂಬುತ್ತಿರಲಿಲ್ಲ.

"ಹೊಲಿಗೆ ಬಿಚ್ಚೋವರೆಗೂ ನಾನೇ ಇಲ್ಲಿರ್ಲಾ?" ಎಂದೆ.

ಅವಳು ಮಗುವಿನ ಟೋಪಿಯನ್ನು ಸರಿಮಾಡಿದಳು. "ಇರು. ಅಮ್ಮ ಮಧ್ಯ. ಕಿಟಕಿ ಕಡೆ ನಂದು, ಗೋಡೆ ಕಡೆ ನಿಂದು. ರಾತ್ರಿ ಮಗು ಅತ್ರೆ ಮೊದ್ಲು ನನ್ನ ಕಡೆ ತಿರುಗ್ಬೇಕು."

"ನಂಗೆ ಕಾಲು ನೋವು ಬಂದ್ರೆ?"

"ಮಾತ್ರೆ ನುಂಗು."

ಇಬ್ಬರಿಗೂ ನಗು ಬಂತು, ಇಬ್ಬರೂ ನಗಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಅಪ್ಪ ನಮಗಾಗಿ ನೆಲದ ಮೇಲೆ ಹಾಸಿಗೆ ಹಾಸಿದರು. ಕೃತಿಕಾ ಮಗುವಿನೊಂದಿಗೆ ಮಂಚದಿಂದ ಇಳಿದು ಕಿಟಕಿಯ ಕಡೆ ಮಲಗಿದಳು. ನಾನು ಕಾಲನ್ನು ದಿಂಬಿನ ಮೇಲೇರಿಸಿ ಗೋಡೆಯ ಕಡೆ ಮಲಗಿದೆ. ಅಮ್ಮ ಕೈಯೊರೆಸಿಕೊಂಡು ಬಂದು ನಡುವೆ ಉರುಳಿದಳು. ನಾನು ಕಣ್ಣು ಮುಚ್ಚಿ, ಅವಳು ಯಾವ ಮಗ್ಗುಲಿಗೆ ತಿರುಗುತ್ತಾಳೆಂದು ಬಳೆಗಳ ಸದ್ದಿಗೆ ಕಿವಿಗೊಟ್ಟು ಕಾದೆ. ಆಚೆ ಬದಿಯ ಉಸಿರಾಟವೂ ನಿದ್ದೆಯದಾಗಿರಲಿಲ್ಲ.

ಅಮ್ಮ ಅಂಗಾತ ಮಲಗಿ, ಹಣೆಯ ಮೇಲೆ ಕೈಯಿಟ್ಟುಕೊಂಡು, ಗೊರಕೆ ಹೊಡೆಯತೊಡಗಿದಳು. ನಾನು ತಲೆಯೆತ್ತಿದೆ. ಅವಳ ಮೈಯಾಚೆಯಿಂದ ಕೃತಿಕಾಳೂ ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು.