ಶೇವಂತಿಯ ಸೀನು ಮತ್ತು ಒಂದು ಹನಿ ರಕ್ತ

ಅಗರಖೇಡದ ಸಾತವ್ವನಿಗೆ ಮೊಮ್ಮಗಳು ಶೇವಂತಿ ಅಂದರೆ ಜೀವ. ಆ ವರ್ಷ ಜೋಳದ ರಾಶಿ ಮುಗಿದಾಗಿನಿಂದ ಹುಡುಗಿ ಬೆಳಗ್ಗೆ ಏಳುತ್ತಲೇ ಸೀನಲು ಶುರುಮಾಡಿದರೆ ನಿಲ್ಲುತ್ತಲೇ ಇರಲಿಲ್ಲ. ಮೂಗು ಸೋರುತ್ತಿತ್ತು, ಕಣ್ಣು ತುರಿಸುತ್ತಿತ್ತು. ಯಾರೋ "ಇದು ಕ್ಷಯ" ಅಂದುಬಿಟ್ಟರು. ಶಾಲೆಯಲ್ಲಿ ಅವಳ ಪಕ್ಕ ಕೂರಲು ಮಕ್ಕಳು ಒಲ್ಲೆ ಅಂದವು. ಸಾತವ್ವ ಶಾಲೆ ಬಿಡಿಸಿದಳು. ಡಾಕ್ಟರೆಂದು ಹೇಳಿಕೊಂಡು ಸೈಕಲ್ ಮೇಲೆ ಊರೂರು ತಿರುಗುವ ಒಬ್ಬನಿಂದ ವಾರವಾರ ಸೂಜಿ ಹಾಕಿಸತೊಡಗಿದಳು.

ಇಂಡಿ ದವಾಖಾನೆಯಲ್ಲಿ ನರ್ಸ್ ಆಗಿದ್ದ ಪಕ್ಕದ ಮನೆಯ ಶಮ್ಶುನ್ನೀಸಾ ಇದನ್ನು ಕೇಳಿ ಬಂದಳು.

"ಆಯಿ, ರೋಗ ಯಾವುದಂತ ಗೊತ್ತಿಲ್ಲದ ಸೂಜಿ ಯಾಕ ಹಾಕಸ್ತೀರಿ? ನಾಳಿ ದವಾಖಾನಿಗೆ ಬರ್ರಿ. ರಕ್ತ ಪರೀಕ್ಷಾ ಮಾಡಸೂಣು."

"ಕೂಸು ಮದ್ಲ ಸೊರಗೇತಿ. ಇದ್ದ ರಕ್ತಾನೂ ತಗೀತಾರೇನು?"

"ಬೆರಳಿಗೆ ಚುಚ್ಚಿ ಒಂದು ಹನಿ ತಗೀತಾರ, ಅಷ್ಟ."

ಸಾತವ್ವ ಬೇಡವೆಂದು ಕೈಯಾಡಿಸಿದಳು. ಒಳಗಿನಿಂದ ಶೇವಂತಿ ಅಂದಳು: "ಆಯಿ, ನಾ ಅಳೂದಿಲ್ಲ. ನನಗ ಸಾಲಿಗೆ ಹೋಗಬೇಕು."

ಮುದುಕಿ ಒಪ್ಪಿದಳು. ಮರುದಿನ ಮೊದಲ ಬಸ್ಸಿಗೇ ಹೊರಟರು.

ದವಾಖಾನೆಯಲ್ಲಿ ರಕ್ತ ನೋಡುವ ಶಹಾಬುದ್ದೀನ ಆ ಹನಿಯನ್ನು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದ. ಸಾತವ್ವನನ್ನೂ ಕರೆದ.

"ಒಂದು ಕಣ್ಣು ಮುಚ್ಚಿ ನೋಡ್ರಿ. ಒಳಗ ಕೆಂಪು ರವಾ ತುಂಬಿದಂಗ ಕಣ ಕಾಣಸ್ತಾವೇನು?"

"ಕಾಣಸ್ತಾವಪಾ," ಅಂದಳು ಸಾತವ್ವ ಉಸಿರು ಬಿಗಿಹಿಡಿದು. ಮೊಮ್ಮಗಳ ರಕ್ತದೊಳಗೆ ಇಷ್ಟೊಂದು ಸಂಗತಿ ಇದೆಯೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಡಾಕ್ಟರಬಾಯಿ ವಿವರಿಸಿದರು. "ನೀವು ನೋಡಿದ ಆ ಕಣಕ್ಕ ಇಸಿನೋಫಿಲ್ ಅಂತಾರ. ಇರಬೇಕಾದ್ದಕ್ಕಿಂತ ಭಾಳ ಅದಾವ. ಹೊಟ್ಟ್ಯಾಗ ಜಂತ ಇದ್ದರೂ ಹಿಂಗ ಏರತಾವ. ಮಲ ಪರೀಕ್ಷಾ ಮಾಡಿವಿ, ಜಂತ ಇಲ್ಲ. ಎದಿ ಎಕ್ಸರೇನೂ ನೋಡೀನಿ, ಕ್ಷಯ ಅಲ್ಲ. ಸೀನು, ಕಣ್ಣಿನ ತುರಿಕಿ, ಈ ರಕ್ತ, ಎಲ್ಲಾ ಕೂಡಿಸಿ ನೋಡಿದರ ಇದು ಧೂಳಿನ ಅಲರ್ಜಿ. ಹುಡುಗೀನ ಎಲ್ಲಿ ಮಲಗಸ್ತೀರಿ?"

"ಹೊಟ್ಟು ತುಂಬಿದ ಖೋಲ್ಯಾಗ್ರಿ. ಬೆಚ್ಚಗ ಇರತೈತಂತ…" ಆ ಹೊಟ್ಟಿನ ಧೂಳೇ ಕಾರಣವೆಂದು ಸಾತವ್ವನಿಗೆ ಈಗ ಹೊಳೆಯಿತು. "ಹಂಗಾರ ಇದು ಮಂದಿಗೆ ಅಂಟೂದಿಲ್ರಿ?"

"ಅಂಟೂದಿಲ್ಲ. ಸೂಜಿನೂ ಬೇಕಾಗಿಲ್ಲ."

ಸಾತವ್ವ ಮೊಮ್ಮಗಳನ್ನು ಬಾಚಿ ಅಪ್ಪಿಕೊಂಡಳು. ಬಸ್ಸಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದಳು. ಮನೆಗೆ ಬಂದವಳೇ ಹಾಸಿಗೆಯನ್ನು ಪಡಸಾಲೆಗೆ ತಂದಳು, ಕೌದಿಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದಳು, ರಾಶಿ ಮಾಡುವ ಕಣದ ಕಡೆ ಶೇವಂತಿಯನ್ನು ಬಿಡಲಿಲ್ಲ. ಡಾಕ್ಟರಬಾಯಿ ಕೊಟ್ಟ ಗುಳಿಗೆ ತಪ್ಪಿಸಲಿಲ್ಲ. ಕೆಲವು ವಾರ ಕಳೆದು ಮತ್ತೆ ರಕ್ತ ನೋಡಿದಾಗ ಆ ಕಣಗಳು ಇಳಿದಿದ್ದವು, ಸೀನು, ಮೂಗು ಸೋರುವುದೂ ನಿಂತಿದ್ದವು. ಡಾಕ್ಟರಬಾಯಿ ಗುಳಿಗೆ ಕಡಿಮೆ ಮಾಡಿದರು.

ಮರುದಿನ ಸಾತವ್ವ ತಾನೇ ಶೇವಂತಿಯ ಕೈ ಹಿಡಿದು ಶಾಲೆಗೆ ಹೋದಳು. ಮಕ್ಕಳ ಮುಂದೆ ನಿಂತು, "ಇದು ಕ್ಷಯ ಅಲ್ಲ, ಅಂಟೂದೂ ಇಲ್ಲ. ನನ್ನ ಕಣ್ಣಾರೆ ನೋಡಿ ಬಂದೀನಿ," ಅಂದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ಸರಿದು ಜಾಗ ಕೊಟ್ಟಳು.

ತಾಯಂದಿರೇ, ತಂದೆಯರೇ, ನಿಮ್ಮ ಮಗುವಿನ ಸೀನು, ನೆಗಡಿ ವಾರಗಟ್ಟಲೆ ಬಿಡದಿದ್ದರೆ ಊಹೆಯ ಮೇಲೆ ಸೂಜಿ ಹಾಕಿಸಬೇಡಿ. ದವಾಖಾನೆಗೆ ಕರೆದೊಯ್ಯಿರಿ. ವೈದ್ಯರು ಹೇಳಿದರೆ ರಕ್ತ ಪರೀಕ್ಷೆಗೆ ಅಂಜಬೇಡಿ. ರೋಗ ಯಾವುದೆಂದು ತಿಳಿದ ಮೇಲೆ ಕೊಡುವ ಮದ್ದೇ ಮಗುವಿಗೆ ಮದ್ದು.