ಕರೆದರೆ ಬರುವ ಕೋಳಿಗಳು

ಬೆಳುವಾಯಿಯ ಕೋಳಿ ಅಂಕದಲ್ಲಿ ಗೆದ್ದ ನೋಣಯ್ಯ, ಸೋತು ಸತ್ತ ಎದುರಾಳಿಯ ಹುಂಜವನ್ನು ವಾಡಿಕೆಯಂತೆ ಸಾರಿಗೆಂದು ಮನೆಗೆ ತಂದಿದ್ದ. ಹೆಂಡತಿ ಪದ್ಮಾಕ್ಷಿ ಅದನ್ನು ಹಿತ್ತಲಲ್ಲಿ ಕೊಯ್ದು, "ಬಾ ಬಾ ಬಾ" ಎಂದು ತನ್ನ ಕೋಳಿಗಳನ್ನು ಕರೆದು ಕರುಳಿನ ಚೂರು ಹಾಕಿದಳು. ಅವು ರೆಕ್ಕೆ ಬಿಚ್ಚಿ ಓಡಿಬಂದು ಕಿತ್ತಾಡಿ ತಿಂದದ್ದನ್ನು ನೋಡಿ ನಕ್ಕಿದ್ದಳು.

ವಾರ ಕಳೆಯುವುದರೊಳಗೆ ಒಂದೊಂದೇ ತೂಕಡಿಸಿ, ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡು ಸಾಯತೊಡಗಿದವು.

"ಆ ಹುಂಜಕ್ಕೆ ಮೊದಲೇ ಸೀಕು ಇತ್ತು ಕಾಣ್ತದೆ, ಅದಕ್ಕೇ ಅಷ್ಟು ಬೇಗ ಸೋತದ್ದು. ಕರುಳು ನೀನು ಹಾಕಬಾರದಿತ್ತು ಮಾರಾಯ್ತಿ," ಎಂದ ನೋಣಯ್ಯ.

ಇವತ್ತು ಸಂಜೆಗೆ ಉಳಿದದ್ದು ಕಪ್ಪು ಹೇಂಟೆಯೊಂದೇ. ಗೂಡಿಗೆ ಸೇರಿಸಲು ಪದ್ಮಾಕ್ಷಿ ಕರೆಯಲಿಲ್ಲ; ಕರೆಯಲು ಬಾಯಿ ಬರಲಿಲ್ಲ. ಆದರೂ ಅದು ಅವಳ ಹೆಜ್ಜೆಯ ಸದ್ದಿಗೆ, ವಾಲಿದ ಕತ್ತನ್ನು ಎಳೆದುಕೊಂಡು, ಏನಾದರೂ ಹಾಕುತ್ತಾಳೆಂದು ಅವಳ ಕಾಲ ಬಳಿ ಬಂದು ನಿಂತಿತು.